ಅಕ್ಕನ ಮಂಚದಿಂದ ಹನ್ನೊಂದು ತಂತಿಗಳ ವಾದ್ಯ

(ಶಾಲಾ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಬಹಳ ಹಿಂಜರಿದೆವು. ವಿದ್ವಾಂಸರು ನಿಂತು ಮಾತನಾಡುವ ಸ್ಥಳವಿದು. ನಮ್ಮಲ್ಲಿ ಒಬ್ಬರು ಜೀವಮಾನವೆಲ್ಲ ಲೆಕ್ಕ ಕಲಿಸಿ ವಿಶ್ರಾಂತರಾದ ಮಾಷ್ಟರು. ಇನ್ನೊಬ್ಬರು ಬಾಗಿಲು, ಮಂಚ, ತೊಟ್ಟಿಲುಗಳನ್ನು ಮಾಡುತ್ತ ಬಂದ ನೆರೆಮನೆಯ ಆಚಾರಿಗಳು. ಮಾತನಾಡುವ ಬಾಯಿ ಒಂದೇ ಆದರೂ ದುಡಿದ ಕೈಗಳು ನಾಲ್ಕು. ಆದುದರಿಂದ ಇಂದು 'ನಾನು' ಎಂಬ ಮಾತನ್ನು ಬಳಸುವ ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ. ನಾವು ಎಂದೇ ಹೇಳುತ್ತೇವೆ.

ಮೇಜಿನ ಮೇಲೆ ಬಟ್ಟೆ ಹೊದೆಸಿ ಇರಿಸಿದ್ದ ವಸ್ತುವನ್ನು ಕಂಡು ಮುಂದಿನ ಸಾಲಿನ ಮಕ್ಕಳು ಆಗಿನಿಂದ ಪಿಸುಗುಟ್ಟುತ್ತಿರುವುದು ನಮ್ಮ ಕಿವಿಗೆ ಬಿದ್ದಿದೆ. ಒಬ್ಬ ಅದನ್ನು ದೋಣಿ ಎಂದ. ಇನ್ನೊಬ್ಬಳು ಯಕ್ಷಗಾನದ ಕಿರೀಟವಿರಬೇಕೆಂದಳು. ಇಗೋ, ಬಟ್ಟೆಯನ್ನು ತೆಗೆದಿದ್ದೇವೆ. ಇದರ ಹೆಸರು ಹಾರ್ಪ್ ಗಿಟಾರ್.

ಬಲಗಡೆ ಕಾಣುವ ದಂಡಿ ಸಾಮಾನ್ಯ ಗಿಟಾರಿನದು. ಅದರ ಮೇಲೆ ಆರು ತಂತಿಗಳು, ತಂತಿಗಳ ಕೆಳಗೆ ಲೋಹದ ಮೆಟ್ಟಿಲುಗಳು. ಎಡಗಡೆಯಲ್ಲಿ ಪೆಟ್ಟಿಗೆಯ ಹೆಗಲಿನಿಂದಲೇ ಇನ್ನೊಂದು ತೋಳು ಮೇಲಕ್ಕೆ ಬೆಳೆದು, ಆನೆಯ ಸೊಂಡಿಲಿನಂತೆ ಬಾಗಿದೆ. ಆ ತೋಳು ಒಳಗೆ ಪೊಳ್ಳು. ಅದರ ತುದಿಯಿಂದ ಇಳಿದು ಬರುವ ಐದು ದಪ್ಪ ತಂತಿಗಳಿಗೆ ಮೆಟ್ಟಿಲಿಲ್ಲ. ಅವನ್ನು ಒತ್ತುವುದಿಲ್ಲ, ಬರಿದೆ ಮೀಟುವುದು. ಒಂದು ತಂತಿಗೆ ಒಂದೇ ಸ್ವರ. ಸ್ವರಮಂಡಲವನ್ನು ಕಂಡವರಿಗೆ ಈ ಕ್ರಮ ಹೊಸದಲ್ಲ. ಹಾರ್ಪ್ ಎಂಬ ವಾದ್ಯದ ಕ್ರಮವೂ ಇದೇ. ಸಮುದ್ರಗುಪ್ತನ ಚಿನ್ನದ ನಾಣ್ಯದ ಮೇಲೆ ದೊರೆಯು ವೀಣೆ ನುಡಿಸುತ್ತಿರುವ ಚಿತ್ರವನ್ನು ಚರಿತ್ರೆಯ ಪುಸ್ತಕದಲ್ಲಿ ನೋಡಿದ್ದೀರಿ. ಆ ವೀಣೆ ಇಂದಿನ ಸರಸ್ವತಿವೀಣೆಯಲ್ಲ. ಬಿಲ್ಲಿನಂತೆ ಬಾಗಿದ, ಮೆಟ್ಟಿಲುಗಳಿಲ್ಲದ ಹಾರ್ಪ್ ಜಾತಿಯ ವಾದ್ಯ.

ಈ ಜೋಡಣೆ ನಮ್ಮ ಕಲ್ಪನೆಯೆಂದು ಯಾರೂ ಭ್ರಮಿಸಬಾರದು. ವಿಯೆನ್ನಾ ನಗರದಲ್ಲಿ ೧೮೭೮ರಲ್ಲಿ ಶ್ರಾಮೆಲ್ ಸಹೋದರರು ಕಟ್ಟಿದ ಮೇಳದಲ್ಲಿ ಎರಡು ಪಿಟೀಲುಗಳ ಜತೆಗೆ ಇಂತಹ ಹೆಚ್ಚುವರಿ ಮಂದ್ರ ತಂತಿಗಳ ಗಿಟಾರು ಇತ್ತು. ಪೊಳ್ಳು ತೋಳಿನ ಈ ಆಕಾರವನ್ನು ಅಮೆರಿಕದಲ್ಲಿ ರೂಢಿಗೆ ತಂದವನು ಕ್ರಿಸ್ ಕ್ನುಟ್ಸೆನ್. ನಾರ್ವೆಯಲ್ಲಿ ಹುಟ್ಟಿ ಆ ದೇಶಕ್ಕೆ ವಲಸೆ ಹೋದವನು. ೧೮೯೦ರ ದಶಕದಲ್ಲಿ ತನ್ನ ವಿನ್ಯಾಸಕ್ಕೆ ಸರಕಾರದ ಹಕ್ಕುಪತ್ರ ಪಡೆದನು. ಮುಂದೆ ಸ್ವೀಡನ್ನಿನಿಂದ ಬಂದು ಶಿಕಾಗೋದಲ್ಲಿ ನೆಲಸಿದ ಕಾರ್ಲ್ ಮತ್ತು ಆಗಸ್ಟ್ ಲಾರ್ಸನ್ ಎಂಬ ಸಹೋದರರು ಅದನ್ನು ತಿದ್ದಿ ಬಲಪಡಿಸಿದರು; ಅವರು ಮಾಡಿದ ವಾದ್ಯಗಳು ಡೈಯರ್ ಎಂಬ ಅಂಗಡಿಯ ಹೆಸರಿನಲ್ಲಿ ಮಾರಾಟವಾದುವು. ಗಿಬ್ಸನ್ ಕಂಪೆನಿಯವರು ಹತ್ತು ಮಂದ್ರ ತಂತಿಗಳ ದೊಡ್ಡ ವಾದ್ಯವನ್ನೇ ಮಾಡಿದರು. ಆಮೇಲೆ ಈ ವಾದ್ಯ ಬಹುಮಟ್ಟಿಗೆ ಮರೆತುಹೋಯಿತು. ಮೈಕೇಲ್ ಹೆಡ್ಜಸ್ (೧೯೫೩-೧೯೯೭) ಎಂಬ ಕಲಾವಿದನು ಹಳೆಯದೊಂದು ಡೈಯರ್ ವಾದ್ಯವನ್ನು ಕೈಗೆತ್ತಿಕೊಂಡ ಮೇಲೆ ಜನರ ಕಿವಿ ಮತ್ತೆ ಅದರ ಕಡೆಗೆ ತಿರುಗಿತು. ನಾವು ಕೇಳಿದ್ದೂ ಅವನ ಧ್ವನಿಮುದ್ರಿಕೆಯನ್ನೇ. ಕೇಳಿ ಮುಗಿದ ಮೇಲೆ ಆಚಾರಿಗಳು, "ಮಾಷ್ಟ್ರೇ, ಇದು ಒಬ್ಬನ ಕೈಯೋ ಇಬ್ಬರದೋ?" ಎಂದು ಕೇಳಿದರು. ಒಬ್ಬನದೇ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮಾಡಿ ನೋಡಬೇಕು" ಎಂದರು. ಕೆಲಸ ಹುಟ್ಟಿದ್ದು ಆ ಮಾತಿನಿಂದ.

ಮರದ ಪ್ರಶ್ನೆ ಮೊದಲು ಬಂತು. ಗಿಟಾರಿನ ಬೆನ್ನು ಮತ್ತು ಪಕ್ಕಗಳಿಗೆ ಲೋಕದ ಕುಶಲಿಗಳು ಅಪೇಕ್ಷಿಸುವ ಮರಗಳಲ್ಲಿ ನಮ್ಮ ಪಶ್ಚಿಮ ಘಟ್ಟದ ಬೀಟೆಗೆ ಎತ್ತರದ ಸ್ಥಾನವಿದೆ. ಮೊದಲು ಅವರು ಬ್ರೆಜಿಲ್ ದೇಶದ ಅದೇ ಜಾತಿಯ ಮರವನ್ನು ಬಳಸುತ್ತಿದ್ದರು. ಅದು ದುರ್ಲಭವಾದಾಗ, ೧೯೬೯ರ ಸುಮಾರಿಗೆ, ಅಮೆರಿಕದ ಮಾರ್ಟಿನ್ ಕಂಪೆನಿ ಭಾರತದ ಬೀಟೆಗೆ ತಿರುಗಿತು, ಉಳಿದವರೂ ಹಿಂಬಾಲಿಸಿದರು. ವಯನಾಡು, ಕೊಡಗು, ನೀಲಗಿರಿಗಳ ಕಾಡಿನಲ್ಲಿ ಬೆಳೆವ ಮರವು ದೂರದ ಊರುಗಳ ಸಭೆಗಳಲ್ಲಿ ಹಾಡುತ್ತಿರುವುದು ಹೀಗೆ. ಆದರೆ ಬೀಟೆ ಬಹಳ ನಿಧಾನವಾಗಿ ಬೆಳೆಯುವ ಮರ. ಇಂದು ಅದೂ ಅಪಾಯದ ಅಂಚಿನಲ್ಲಿದೆ. ಕಾನೂನಿನ ಕಾವಲೂ ಅದಕ್ಕಿದೆ. ಹೊಸ ಮರದ ಆಸೆ ಸಲ್ಲದು.

ನಮ್ಮ ಅಕ್ಕನ ಮನೆಯ ಅಟ್ಟದಲ್ಲಿ ಒಂದು ಬೀಟೆಯ ಮಂಚ ಬಿದ್ದಿತ್ತು. ಕಾಲು ಮುರಿದಿತ್ತು; ತಲೆಯ ಕಡೆಯ ಹಲಗೆ ಮಾತ್ರ ಉಕ್ಕಿನಂತೆ ಗಟ್ಟಿಯಾಗಿತ್ತು. ನಮ್ಮ ತಾಯಿಯವರು ಮಲಗುತ್ತಿದ್ದ ಮಂಚ ಅದು. ಮನೆಯ ಮಕ್ಕಳೆಲ್ಲ ಕಣ್ಣು ಬಿಟ್ಟದ್ದೂ ಅದರ ಮೇಲೆಯೇ. ಕೇಳಲು ನಾಲಗೆ ಏಳದೆ ನಾವು ಎರಡು ಬಾರಿ ಹೋಗಿ ಕಾಫಿ ಕುಡಿದು ಹಿಂದಿರುಗಿದೆವು. ಮೂರನೆಯ ಬಾರಿ ಅಕ್ಕನೇ, "ಏನೋ ಕೇಳಲಿಕ್ಕೆ ಬರುತ್ತೀರಿ, ಕೇಳದೆ ಹೋಗುತ್ತೀರಿ, ಏನದು?" ಎಂದರು. ಹೇಳಿದೆವು. ಅವರು ಬಹಳ ಹೊತ್ತು ಉತ್ತರ ಕೊಡಲಿಲ್ಲ. ಕೊನೆಗೆ, "ಕೊಂಡುಹೋಗಿ. ಆದರೆ ತಮ್ಮಾ, ಕೆಡಿಸಿದಿರಿ ಎಂದಾದರೆ ಮಂಚವೂ ಇಲ್ಲ, ವಾದ್ಯವೂ ಇಲ್ಲ. ಅಷ್ಟು ನೆನಪಿರಲಿ" ಎಂದರು. ಆ ಮಾತು ಎರಡು ವರ್ಷ ಎರಡು ತಿಂಗಳು ನಮ್ಮ ಬೆನ್ನ ಹಿಂದೆ ನಿಂತಿತ್ತು.

ದಪ್ಪ ಹಲಗೆಯನ್ನು ನಿಲ್ಲಿಸಿ, ಎದುರುಬದುರಾಗಿ ಗರಗಸ ಹಿಡಿದು ಸೀಳಿ, ಪುಸ್ತಕವನ್ನು ಬಿಡಿಸುವಂತೆ ಎರಡು ತೆಳು ಹಲಗೆಗಳಾಗಿ ಬಿಡಿಸಿದೆವು. ಬಣ್ಣ ಕಪ್ಪಾಗಿದ್ದ ಮಂಚದೊಳಗಿನಿಂದ ನೇರಳೆ ಬಣ್ಣದ ಗೆರೆಗಳು ಹೊಳೆದುವು. ಅಷ್ಟು ವರ್ಷಗಳ ಮೇಲೂ ಗುಲಾಬಿಯಂತಹ ಪರಿಮಳ ಕೊಟ್ಟಿಗೆಯನ್ನೆಲ್ಲ ತುಂಬಿತು. ನಮ್ಮ ಕಾರ್ಯಾಗಾರವೆಂದರೆ ಹಿತ್ತಿಲಿನ ಹಳೆಯ ದನದ ಕೊಟ್ಟಿಗೆ, ಒಂದು ಮೇಜು, ಉಳಿಗಳು, ಹತ್ತರಿ, ಬೈರಿಗೆ, ಅರ, ಉಪ್ಪುಕಾಗದ; ಬೇರೆ ಯಂತ್ರವಿಲ್ಲ.

ಪಕ್ಕದ ಪಟ್ಟಿಗಳನ್ನು ಎರಡು ಮಿಲ್ಲಿಮೀಟರಿನಷ್ಟು ತೆಳ್ಳಗೆ ಮಾಡಿ ಬಾಗಿಸಬೇಕು. ಬೀಟೆಯಂತಹ ಗಟ್ಟಿ ಮರ ಬಾಗುವುದೆಂತು ಎಂದು ವಿದ್ಯಾರ್ಥಿಗಳು ಕೇಳಬಹುದು. ಮರದ ಎಳೆಗಳನ್ನು ಒಂದಕ್ಕೊಂದು ಬಂಧಿಸಿರುವ ಅಂಶವೊಂದು ಬಿಸಿಗೆ ಮೆತ್ತಗಾಗುತ್ತದೆ. ತಣಿದಾಗ ಮತ್ತೆ ಗಟ್ಟಿಯಾಗಿ ಹೊಸ ಆಕಾರವನ್ನೇ ಹಿಡಿದುಕೊಳ್ಳುತ್ತದೆ. ನಾವು ಕಬ್ಬಿಣದ ಕೊಳವೆಯೊಳಗೆ ತೆಂಗಿನ ಗೆರಟೆಯ ಕೆಂಡವನ್ನು ತುಂಬಿದೆವು. ನೀರನ್ನು ಚಿಮುಕಿಸಿದಾಗ ಹನಿಗಳು ಉರುಳಿ ಕುಣಿದರೆ ಕಾವು ಸರಿಯಾಯಿತೆಂದು ಅರ್ಥ. ಒದ್ದೆ ಮಾಡಿದ ಪಟ್ಟಿಯನ್ನು ಅದರ ಮೇಲೆ ಒತ್ತಿ ಹಿಡಿದು ಕಾಯಬೇಕು, ಬಲ ಹಾಕಬಾರದು. ಮರ ತಾನಾಗಿ ಸೋಲುವ ಒಂದು ಗಳಿಗೆಯುಂಟು, ಅದು ಅಂಗೈಗೆ ತಿಳಿಯುತ್ತದೆ. ಮಾಷ್ಟರಿಗೆ ತಿಳಿಯಲಿಲ್ಲ. ಮೊದಲನೆಯ ಪಟ್ಟಿ ಸೊಂಟದ ತಿರುವಿನಲ್ಲಿ ಚಟ್ಟೆಂದು ಮುರಿಯಿತು. ಅಂದಿನಿಂದ ಬಾಗಿಸುವ ಕೆಲಸ ಆಚಾರಿಗಳದ್ದು, ಕೆಂಡ ಊದುವ ಕೆಲಸ ಮಾಷ್ಟರದ್ದು.

ಮೇಲ್ಹಲಗೆಯ ವಿಷಯದಲ್ಲಿ ಇಬ್ಬರೂ ಕೂಡಿಯೇ ತಪ್ಪಿದೆವು. ವೀಣೆ ಹಲಸಿನ ಮರದ್ದು. ಹಲಸು ನಮ್ಮ ಹಿತ್ತಿಲಲ್ಲೇ ಇದೆ. ಇದಕ್ಕೂ ಅದೇ ಸಾಕೆಂದು ಭಾವಿಸಿದೆವು. ಹಲಗೆ ಸಿದ್ಧವಾದ ಮೇಲೆ ಎರಡು ಬೆರಳಲ್ಲಿ ಎತ್ತಿ ಹಿಡಿದು ತಟ್ಟಿದರೆ, ನೆರೆಯವರು ಬಂದು ಬಾಗಿಲು ತಟ್ಟಿದಂತಹ ಸದ್ದು! ಗಿಟಾರಿನ ಮೇಲ್ಹಲಗೆ ತಂತಿಯ ಅಲ್ಪ ಕಂಪನಕ್ಕೂ ಅಲುಗಬೇಕು, ಅಂದರೆ ಹಗುರವಾಗಿರಬೇಕು. ತಂತಿಯ ಎಳೆತವನ್ನೂ ತಡೆಯಬೇಕು, ಅಂದರೆ ಬಿಗಿಯಾಗಿರಬೇಕು. ಹಗುರವೂ ಬಿಗಿಯೂ ಒಟ್ಟಿಗೆ ಇರುವುದು ಚಳಿನಾಡಿನ ಸ್ಪ್ರೂಸ್ ಎಂಬ ಮರದಲ್ಲಿ. ಒಂದು ಘನ ಮೀಟರು ಸ್ಪ್ರೂಸ್ ಸುಮಾರು ೪೦೦ ಕಿಲೋಗ್ರಾಂ ತೂಗಿದರೆ ಹಲಸು ಸುಮಾರು ೬೦೦ ತೂಗುತ್ತದೆ. ಬೆಂಗಳೂರಿನಿಂದ ಸ್ಪ್ರೂಸ್ ಹಲಗೆಗಳನ್ನು ತರಿಸಿದೆವು. ಹಲಸು ವ್ಯರ್ಥವಾಗಲಿಲ್ಲ, ಅದರಿಂದ ದಂಡಿಯನ್ನು ಕೆತ್ತಿದೆವು.

ಮೆಟ್ಟಿಲುಗಳ ಕತೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅಪ್ಪಣೆ ಬೇಡುತ್ತೇವೆ, ಏಕೆಂದರೆ ಲೆಕ್ಕ ಏತಕ್ಕೆ ಕಲಿಯಬೇಕೆಂದು ಕೇಳುವ ಹುಡುಗರು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ. ತಂತಿಯನ್ನು ಸರಿಯಾಗಿ ಅರ್ಧಕ್ಕೆ ಒತ್ತಿದರೆ ಮೇಲಿನ ಷಡ್ಜ. ಕೆಳ ಷಡ್ಜಕ್ಕೂ ಮೇಲಿನ ಷಡ್ಜಕ್ಕೂ ನಡುವೆ ಗಿಟಾರಿನಲ್ಲಿ ೧೨ ಸಮ ಹೆಜ್ಜೆಗಳು. ಯಾವ ಸಂಖ್ಯೆಯನ್ನು ೧೨ ಬಾರಿ ತನ್ನಿಂದಲೇ ಗುಣಿಸುತ್ತ ಹೋದರೆ ೨ ಬರುತ್ತದೋ ಅದೇ ಒಂದು ಹೆಜ್ಜೆಯ ಪ್ರಮಾಣ. ಅದು ಸುಮಾರು ೧.೦೫೯೪೬. ಇದರಿಂದ ದೊರೆಯುವ ಸುಲಭ ಸೂತ್ರವಿದು: ಉಳಿದ ತಂತಿಯ ಉದ್ದವನ್ನು ೧೭.೮೧೭ರಿಂದ ಭಾಗಿಸಿದರೆ ಮುಂದಿನ ಮೆಟ್ಟಿಲಿನ ದೂರ ಸಿಕ್ಕುತ್ತದೆ. ನಮ್ಮ ತಂತಿ ೬೫೦ ಮಿಲ್ಲಿಮೀಟರು. ಮೊದಲನೆಯ ಮೆಟ್ಟಿಲು ೩೬.೪೮ರಲ್ಲಿ, ಎರಡನೆಯದು ತಲೆಯಿಂದ ೭೦.೯೨ರಲ್ಲಿ, ಹನ್ನೆರಡನೆಯದು ೩೨೫ರಲ್ಲಿ, ಅರ್ಧಕ್ಕೆ ಸರಿಯಾಗಿ. ಗೆಲಿಲಿಯೋನ ತಂದೆ ವಿಂಚೆನ್ಸೋ ಗೆಲಿಲಿ ಸಂಗೀತಜ್ಞನಾಗಿದ್ದನು. ೧೫೮೧ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ೧೭.೮೧೭ಕ್ಕೆ ಬದಲಾಗಿ ೧೮ನ್ನೇ ಹಿಡಿದಿದ್ದಾನೆ. ಹಾಗೆ ಮಾಡಿದರೆ ಹನ್ನೆರಡನೆಯ ಮೆಟ್ಟಿಲು ನಮ್ಮ ವಾದ್ಯದಲ್ಲಿ ಎರಡು ಮಿಲ್ಲಿಮೀಟರಿಗೂ ಮಿಕ್ಕಿ ಹಿಂದೆ ಬೀಳುತ್ತಿತ್ತು. ಅವನು ಮೂಢನಲ್ಲ, ತಂತಿಯನ್ನು ಒತ್ತುವಾಗ ಬಿಗಿ ಹೆಚ್ಚಿ ಸ್ವರ ತುಸು ಏರುವುದರಿಂದ ಆ ಕೊರತೆ ಸ್ವಲ್ಪಮಟ್ಟಿಗೆ ತುಂಬಿಕೊಳ್ಳುತ್ತಿತ್ತು.

ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕುಳಿತಿರುತ್ತವೆ. ಕಿವಿ ಒಪ್ಪದಿದ್ದರೆ ಮೇಣವನ್ನು ಮೆತ್ತಗೆ ಮಾಡಿ ಸರಿಸಬಹುದು. ಗಿಟಾರಿನಲ್ಲಿ ಆ ಕ್ಷಮೆಯಿಲ್ಲ. ಸೀಳು ಹಾಕಿ ಬಡಿದು ಕೂರಿಸಿದ ಮೇಲೆ ಮುಗಿಯಿತು. ಮಾಷ್ಟರು ಮಿಲ್ಲಿಮೀಟರಿನ ನೂರನೆಯ ಭಾಗದವರೆಗೆ ಲೆಕ್ಕ ಮಾಡಿ, ಚೂಪು ಸೀಸದಿಂದ ಗೆರೆ ಎಳೆದು, ಹೆಮ್ಮೆಯಿಂದ ನಿಂತರು. ಆಚಾರಿಗಳು ಗೆರೆಗಳನ್ನು ನೋಡಿ, "ಮಾಷ್ಟ್ರೇ, ನಿಮ್ಮ ಗೆರೆಗೆ ದಪ್ಪವಿಲ್ಲ, ನನ್ನ ಗರಗಸಕ್ಕೆ ಇದೆ. ಗೆರೆಯ ಈಚೆ ಕೊಯ್ಯಲೋ, ಆಚೆ ಕೊಯ್ಯಲೋ, ಮೇಲೆಯೋ?" ಎಂದರು. ಅರ್ಧ ಮಿಲ್ಲಿಮೀಟರಿಗೂ ಮಿಕ್ಕ ಸೀಳಿನ ಮುಂದೆ ಆ ನೂರನೆಯ ಭಾಗಗಳಿಗೆ ಬೆಲೆಯೇನು? ಮಾಷ್ಟರು ತಲೆ ತಗ್ಗಿಸಿ ಗೆರೆಗಳನ್ನೆಲ್ಲ ಅಳಿಸಿದರು. ಗರಗಸದ ದಪ್ಪವನ್ನು ಲೆಕ್ಕಕ್ಕೆ ಸೇರಿಸಿ, ಒಂದರಿಂದ ಒಂದಕ್ಕೆ ಅಳೆಯದೆ ಎಲ್ಲವನ್ನೂ ತಲೆಯಿಂದಲೇ ಅಳೆದು, ಮರುದಿನ ಮತ್ತೆ ಎಳೆದರು.

ಎರಡನೆಯ ವರ್ಷದ ಮಾಗಿಯಲ್ಲಿ ಪೆಟ್ಟಿಗೆಯನ್ನು ಮುಚ್ಚಿದೆವು. ವರ್ಷಕ್ಕೆ ೩೦೦೦ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ನಾಡಿನಲ್ಲಿ ಅಂಟು ಹಾಕುವ ಕಾಲವನ್ನು ಆರಿಸುವುದೇ ಒಂದು ವಿದ್ಯೆ. ಮರವು ತೇವಕ್ಕೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಮಳೆಗಾಲದಲ್ಲಿ ಹಿಗ್ಗಿದ ಹಲಗೆಯನ್ನು ಅಂಟಿಸಿದರೆ ಬೇಸಗೆಯಲ್ಲಿ ಅದು ಕುಗ್ಗಲು ಹವಣಿಸಿ ಸೀಳಿಹೋಗುತ್ತದೆ. ಒಣಗಿದ ದಿನಗಳಲ್ಲಿ ಅಂಟಿಸಿದರೆ ಮಳೆಗೆ ತುಸು ಉಬ್ಬೀತು, ಸೀಳದು.

ಫೆಬ್ರವರಿಯಲ್ಲಿ ತಂತಿ ಏರಿಸಿದೆವು. ಒಂದೊಂದು ತಂತಿಯ ಎಳೆತ ಸುಮಾರು ೧೨ ಕಿಲೋಗ್ರಾಂ. ಹನ್ನೊಂದು ತಂತಿಗಳಿಗೆ ೧೩೦ಕ್ಕೂ ಹೆಚ್ಚು. ಎರಡೂವರೆ ಮುಡಿ ಅಕ್ಕಿಯನ್ನು, ಕ್ಷಮಿಸಿ, ಈಗಿನ ಮಕ್ಕಳಿಗೆ ಮುಡಿ ತಿಳಿಯದು, ೫೦ ಕಿಲೋಗ್ರಾಂನ ಎರಡೂವರೆ ಚೀಲ ಅಕ್ಕಿಯನ್ನು ಆ ತೆಳು ಹಲಗೆಯ ಕುದುರೆಗೆ ಕಟ್ಟಿ ಎಳೆದಂತೆ. ನಾವು ಒಳಗಿನ ಬಲಪಟ್ಟಿಗಳನ್ನು ಆರು ತಂತಿಯ ಗಿಟಾರಿನ ನಕ್ಷೆಯಂತೆಯೇ ಕೂರಿಸಿದ್ದೆವು. ಲೆಕ್ಕದ ಮಾಷ್ಟರು ಲೆಕ್ಕ ಹಾಕಬೇಕಾಗಿದ್ದ ಸ್ಥಳದಲ್ಲಿಯೇ ಹಾಕಿರಲಿಲ್ಲ! ಮೂರನೆಯ ದಿನ ಕುದುರೆಯ ಹಿಂದೆ ಹಲಗೆ ಉಬ್ಬಿತು, ಮುಂದೆ ತಗ್ಗಾಯಿತು. ನಾಲ್ಕನೆಯ ದಿನ ಬೆಳಗಿನ ಜಾವ ಕೊಟ್ಟಿಗೆಯಿಂದ ಗುಂಡು ಹೊಡೆದಂತಹ ಶಬ್ದ. ಓಡಿ ಹೋಗಿ ನೋಡಿದರೆ, ಮಂದ್ರ ತಂತಿಗಳ ಕಡೆಯ ಮೇಲ್ಹಲಗೆ ಒಳಕ್ಕೆ ಕುಸಿದು, ಕುದುರೆ ಓರೆಯಾಗಿ ನಿಂತಿತ್ತು.

ಆ ಒಂದು ತಿಂಗಳು ನಾವು ಅಕ್ಕನ ಮನೆಯ ದಾರಿಯಲ್ಲಿ ನಡೆಯಲಿಲ್ಲ. ಸಂತೆಗೆ ಹೋಗಲು ಸುತ್ತು ದಾರಿ ಹಿಡಿದೆವು. ಆಚಾರಿಗಳಂತೂ ಕೊಟ್ಟಿಗೆಯ ಬಾಗಿಲನ್ನೇ ತೆರೆಯಲಿಲ್ಲ. "ನಾಲ್ಕು ತಲೆಮಾರಿನಿಂದ ನಮ್ಮವರು ಮಾಡಿದ ಮಂಚ ಮುರಿದದ್ದಿಲ್ಲ, ನನ್ನ ಕೈಯಲ್ಲಿ ಮುರಿಯಿತು" ಎಂದು ಅವರು ಒಂದು ಸಂಜೆ ಹೇಳಿದಾಗ ಸಮಾಧಾನದ ಮಾತೊಂದೂ ಹೊಳೆಯಲಿಲ್ಲ. ನಾವು ಕಳೆದುಕೊಂಡದ್ದು ಬರಿಯ ಸ್ಪ್ರೂಸ್ ಹಲಗೆ, ಬೀಟೆಗೆ ಏನೂ ಆಗಿಲ್ಲವೆಂಬುದು ನಿಜ. ಆದರೆ ಆ ಹಲಗೆಯನ್ನು ಬಿಡಿಸಹೋಗಿ ಬೀಟೆಯ ಪಕ್ಕಗಳನ್ನು ಸೀಳಿಬಿಟ್ಟರೆ?

ನಮ್ಮನ್ನು ಕಾಪಾಡಿದ್ದು ಆಚಾರಿಗಳ ಹಳೆಯ ಮರವಜ್ರ. ತೊಗಲನ್ನು ಕುದಿಸಿ ಮಾಡಿದ ಈ ಅಂಟು ಬಿಸಿಗೂ ತೇವಕ್ಕೂ ಕರಗುತ್ತದೆ. ತೆಳು ಚೂರಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಅದ್ದಿ, ಸಂದಿಯಲ್ಲಿ ಬೆರಳಗಲದಷ್ಟೇ ಮುಂದುವರಿಯುತ್ತ, ಎರಡು ದಿನದಲ್ಲಿ ಮೇಲ್ಹಲಗೆಯನ್ನು ಬಿಡಿಸಿದೆವು. ಪಕ್ಕಗಳಿಗೆ ಕೂದಲಿನಷ್ಟೂ ಗಾಯವಾಗಲಿಲ್ಲ. ಹೊಸ ಹಲಗೆಯನ್ನು ಮಂದ್ರದ ಕಡೆಗೆ ಮೂರು ಮಿಲ್ಲಿಮೀಟರು ದಪ್ಪಕ್ಕೆ ಬಿಟ್ಟು, ಕುದುರೆಯ ಕೆಳಗೆ ಇನ್ನೊಂದು ಬಲಪಟ್ಟಿಯನ್ನು ಸೇರಿಸಿ, ಮಳೆಗೆ ಮುಂಚೆ ಮುಚ್ಚಿದೆವು.

ಆದರೆ ಬಿಸಿಗೂ ತೇವಕ್ಕೂ ಕರಗುವ ಗುಣ ನಮ್ಮ ಅನುಕೂಲಕ್ಕೆ ಮಾತ್ರ ಇರುವುದಲ್ಲವಷ್ಟೆ? ಜುಲೈಯಲ್ಲಿ ಒಂದು ವಾರ ಸೂರ್ಯನನ್ನು ಕಾಣದೆ ಇದ್ದಾಗ, ಪೊಳ್ಳು ತೋಳಿನ ತುದಿಯ ಬೆಸುಗೆ ಅದೇ ಮರವಜ್ರದ ದೆಸೆಯಿಂದ ಬಾಯಿ ಬಿಟ್ಟಿತು. ಈ ಸಲ ನಾವು ಹೆದರಲಿಲ್ಲ. ತಂತಿಗಳನ್ನು ಸಡಿಲಿಸಿ, ಗೋಡೆಗೆ ಒರಗಿಸಿ, ಮಳೆ ಮುಗಿಯುವುದನ್ನು ಕಾದೆವು. ಡಿಸೆಂಬರಿನಲ್ಲಿ ಆ ಬೆಸುಗೆಗೆ ಮರದ ಗೂಟಗಳನ್ನು ಅಡ್ಡಲಾಗಿ ಹೊಡೆದು, ಎರಡು ದ್ರವಗಳನ್ನು ಬೆರೆಸಿ ಹಚ್ಚುವ ಈ ಕಾಲದ ಅಂಟನ್ನು ಅದೊಂದೇ ಕಡೆ ಬಳಸಿದೆವು. ಆಚಾರಿಗಳಿಗೆ ಅದರ ವಾಸನೆ ಈಗಲೂ ಸೇರುವುದಿಲ್ಲ.

ಉದ್ದ ತೋಳು ಏಕೆ, ದಪ್ಪ ತಂತಿ ಏಕೆ ಎಂಬುದನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಒಂದು ತಂತಿಯ ಸ್ವರವನ್ನು ಒಂದು ಸ್ಥಾಯಿ ಕೆಳಗಿಳಿಸಬೇಕಾದರೆ ಅದರ ಉದ್ದವನ್ನು ಎರಡರಷ್ಟು ಮಾಡಬೇಕು. ಇಲ್ಲವೇ ಅದೇ ಉದ್ದಕ್ಕೆ ತೂಕವನ್ನು ನಾಲ್ಕರಷ್ಟು ಮಾಡಬೇಕು. ೬೫೦ ಮಿಲ್ಲಿಮೀಟರಿನ ಎರಡರಷ್ಟು ಉದ್ದದ ವಾದ್ಯವನ್ನು ತೊಡೆಯ ಮೇಲೆ ಇಟ್ಟುಕೊಳ್ಳುವವರಾರು? ಆದ್ದರಿಂದ ಸ್ವಲ್ಪ ಉದ್ದ ಹೆಚ್ಚಿಸಿ, ಉಕ್ಕಿನ ತಂತಿಯ ಮೇಲೆ ಕಂಚಿನ ತಂತಿಯನ್ನು ಸುತ್ತಿ ತೂಕ ಹೆಚ್ಚಿಸುತ್ತಾರೆ.

ಜನವರಿಯ ಒಂದು ಮಧ್ಯಾಹ್ನ ಅಕ್ಕನನ್ನು ಕರೆತಂದೆವು. ಕೊಟ್ಟಿಗೆಯಲ್ಲಿ ಕುರ್ಚಿ ಹಾಕಿ ಕುಳ್ಳಿರಿಸಿ, ಅತ್ಯಂತ ಕೆಳಗಿನ ತಂತಿಯನ್ನು ಒಮ್ಮೆ ಮೀಟಿದೆವು. ಅವರು ಏನೂ ಹೇಳಲಿಲ್ಲ. ಎದ್ದು ಬಂದು, ವಾದ್ಯವನ್ನು ತಿರುಗಿಸಿ, ಬೀಟೆಯ ಬೆನ್ನಿನ ಮೇಲೆ ಅಂಗೈಯನ್ನು ಇಟ್ಟು, "ಇನ್ನೊಮ್ಮೆ" ಎಂದರು. ಮೀಟಿದೆವು. ಸ್ವರ ಅಡಗುವವರೆಗೂ ಕೈ ತೆಗೆಯಲಿಲ್ಲ. ಆಮೇಲೆ, "ಮೊದಲು ಬರಿದೆ ಕಿರುಗುಟ್ಟುತ್ತಿತ್ತು" ಎಂದು ನಕ್ಕರು. ಅವರು ಈ ಸಭೆಯಲ್ಲಿಯೇ ಎಲ್ಲೋ ಕುಳಿತಿದ್ದಾರೆ. ಎಲ್ಲಿ ಎಂದು ತೋರಿಸಬಾರದೆಂದು ಆಜ್ಞೆಯಾಗಿದೆ.

ನುಡಿಸುವುದರಲ್ಲಿ ನಾವಿನ್ನೂ ಒಂದನೆಯ ತರಗತಿಯವರು. ಆದುದರಿಂದ ಕಚೇರಿಯನ್ನು ನಿರೀಕ್ಷಿಸಬೇಡಿ. ಒಂದು ಪ್ರಯೋಗವನ್ನು ಮಾತ್ರ ತೋರಿಸುತ್ತೇವೆ. ಮುಂದಿನ ಸಾಲಿನಿಂದ ಇಬ್ಬರು ಮೇಲೆ ಬನ್ನಿ. ದೋಣಿ ಎಂದವನೂ ಕಿರೀಟವೆಂದವಳೂ ಬಂದರೆ ಒಳ್ಳೆಯದು. ಕಾಗದದ ಎರಡು ಚೂರುಗಳನ್ನು ನಡುವೆ ಮಡಿಸಿ, ಈ ಮಂದ್ರ ತಂತಿಯ ಮೇಲೆ ಒಂದನ್ನು ಸರಿಯಾಗಿ ನಡುವೆ, ಇನ್ನೊಂದನ್ನು ಕಾಲು ಭಾಗದಲ್ಲಿ ಸವಾರಿ ಕೂರಿಸಿ. ಈ ತಂತಿಯನ್ನು ನಾವು ಮುಟ್ಟುವುದಿಲ್ಲ. ಬಲಗಡೆಯ ದಂಡಿಯಲ್ಲಿ ಇದಕ್ಕಿಂತ ಒಂದು ಸ್ಥಾಯಿ ಮೇಲಿನ ಸ್ವರವನ್ನು ನುಡಿಸುತ್ತೇವೆ. ಎರಡು ಚೂರುಗಳಲ್ಲಿ ಒಂದು ಹಾರುತ್ತದೆ, ಒಂದು ಕುಳಿತೇ ಇರುತ್ತದೆ. ಯಾವುದು ಹಾರೀತು ಎಂದು ಸಭಿಕರು ಮೊದಲು ಕೈಯೆತ್ತಿ ಹೇಳಬೇಕು. ಅಷ್ಟರೊಳಗೆ ಆಚಾರಿಗಳು ಬಿರಡೆಯನ್ನು ತುಸು ಬಿಗಿ ಮಾಡಲಿ. ದೀಪಗಳ ಕಾವಿಗೆ ಶ್ರುತಿ ಇಳಿದಿದೆ.